ಗಿಣಿಯಂಚು

"ಯಾವುದಾದ್ರೂ ಫೈಲು ಅಳಿಸಿದ್ಯೇನಲೇ ಓಂಕಾರ?" ಚಂದ್ರಶೇಖರ್ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ.

ಓಂಕಾರಮೂರ್ತಿ ಅವನ ಕುರ್ಚಿಯ ಹಿಂದೆ ನಿಂತು ಪರದೆಯನ್ನೇ ನೋಡುತ್ತಿದ್ದ. ಮೊಳಕಾಲ್ಮೂರಿನ ಈ ಅಂಗಡಿಯಲ್ಲಿ ಅವನು ರೇಷ್ಮೆ ಸೀರೆಗಳ ಅಂಚು, ಸೆರಗುಗಳ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ನೇಕಾರರಿಗೆ ಬರೆದುಕೊಡುತ್ತಿದ್ದ. ಕೈಗೆ ಒಗ್ಗಿದ್ದ ಹಳೆಯ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ನಡೆಯದಿದ್ದಾಗ, ಚಳ್ಳಕೆರೆಯಲ್ಲಿ ರಿಪೇರಿ ಅಂಗಡಿಯಿಟ್ಟಿದ್ದ ಗೆಳೆಯ ಚಂದ್ರಶೇಖರನೇ ಬಂದು ಅದರೊಳಗೊಂದು ವರ್ಚುವಲ್ ಮಷೀನ್ ಕೂರಿಸಿಕೊಟ್ಟಿದ್ದ. ಹೊಸದರ ಹೊಟ್ಟೆಯಲ್ಲೊಂದು ಹಳೆ ಕಂಪ್ಯೂಟರು. ಮೊನ್ನೆ ಕೆಲಸದ ನಡುವೆ ಕರೆಂಟು ಹೋದದ್ದೇ, ಅದು ಮತ್ತೆ ತೆರೆಯಲಿಲ್ಲ.

ಗೋಡೆಗೊರಗಿ ಕೂತಿದ್ದ ನೇಕಾರ್ತಿ ಕಾಟಮ್ಮ ಇಬ್ಬರ ಮುಖವನ್ನೂ ನೋಡಿದಳು. ತನ್ನ ತಾಯಿಯ ಮದುವೆ ಸೀರೆಗಿದ್ದಂಥ ಗಿಣಿಯಂಚನ್ನೇ ಮಗಳು ಕಾವ್ಯಳ ಸೀರೆಗೂ ನೇಯಬೇಕೆಂದು, ಆ ಹಳೆ ಸೀರೆ ತಂದು ಓಂಕಾರಮೂರ್ತಿಯ ಪಕ್ಕದಲ್ಲಿ ಕೂತು ಎಳೆ ಎಳೆಯಾಗಿ ತೋರಿಸಿ ಬರೆಸಿದ್ದಳು. ಅದಾದ ಸ್ವಲ್ಪ ದಿನಕ್ಕೆ ತಾಯಿ ತೀರಿಕೊಂಡಳು. ಸೀರೆಯನ್ನು ಅವಳಿಗೇ ಉಡಿಸಿ ಮಣ್ಣು ಮಾಡಿದರು. "ಅಂಚು ಓಂಕಾರಪ್ಪನ ಹತ್ರ ಐತಲ್ಲ, ಉಡಿಸ್ರಿ" ಅಂದವಳು ಕಾಟಮ್ಮನೇ.

"ಹೇಳಲೇ ಓಂಕಾರ" ಅಂದ ಚಂದ್ರಶೇಖರ್.

"ಕರೆಂಟು ಬಂದ್ಮೇಲೆ ಜಾಗ ಸಾಲದು ಅಂತ ಬರ್ತಿತ್ತು. ಒಂದು ದೊಡ್ಡ ಫೈಲಿತ್ತು, ಹೆಸರೇ ಅರ್ಥ ಆಗ್ಲಿಲ್ಲ. ಕಸ ಅಂದ್ಕಂಡೆ."

ಚಂದ್ರಶೇಖರ್ ಕುರ್ಚಿಗೆ ಒರಗಿದ. "ಈಚೆಗೆ ಬರೆದಿದ್ದೆಲ್ಲ ಅದ್ರಾಗೇ ಇತ್ತು. ಹುಡುಕಿ ನೋಡ್ದೆ, ಇನ್ನು ಸಿಗಲ್ಲ. ಹಿಂದೆ ಬಂದಾಗ ನಾನು ಉಳಿಸಿಟ್ಟಿದ್ದ ಸ್ಥಿತಿಗೆ ಬೇಕಾದ್ರೆ ತರ್ತೀನಿ. ಅಷ್ಟೇ."

"ಅಳಿಸಿದ್ದು ಯಾರು?" ಕಾಟಮ್ಮ ಕೇಳಿದಳು.

"ನಾನೇ ಅಮ್ಮ" ಅಂದ ಓಂಕಾರಮೂರ್ತಿ.

ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ.

ಮಧ್ಯಾಹ್ನದ ಹೊತ್ತಿಗೆ ಹಳೆ ಪರದೆ ತೆರೆದುಕೊಂಡಿತು. ಚಂದ್ರಶೇಖರ್ ಮೊದಲು ಅದರದೊಂದು ಪ್ರತಿ ತೆಗೆದಿಟ್ಟು, ಬಸ್ಸಿಗೆ ಹೊರಟುಹೋದ. ಪರದೆಯ ಚೌಕಳಿಯ ಮೇಲೆ ಬಳ್ಳಿಯಿತ್ತು, ಗಿಣಿಯ ಬಾಲವಿತ್ತು, ರೆಕ್ಕೆಯಿತ್ತು. ಕತ್ತಿನಿಂದ ಮೇಲಕ್ಕೆ ಏನೂ ಇರಲಿಲ್ಲ. ಹೋದ ಸಲ ಚಂದ್ರಶೇಖರ್ ಬಂದ ದಿನಕ್ಕೆ ಅಷ್ಟೇ ಬರೆದಾಗಿತ್ತು.

"ಹೇಳಮ್ಮ, ಬರೀತೀನಿ. ತಲೆ ಯಾವ ಕಡೆ ತಿರುಗಿತ್ತು?"

ಕಾಟಮ್ಮ ಕಣ್ಣು ಮುಚ್ಚಿದಳು. "ಹಿಂದಕ್ಕೆ. ಬಾಲ ನೋಡ್ತಿತ್ತು."

ಅವನು ಒಂದೊಂದೇ ಚೌಕ ತುಂಬಿದ. ಅವಳು ಕಣ್ಣು ಬಿಟ್ಟು ನೋಡಿ ತಲೆಯಾಡಿಸಿದಳು. "ಅಲ್ಲ. ಮುಂದಕ್ಕೇ ಇತ್ತೇನೋ. ನಮ್ಮವ್ವ ಇದ್ದಿದ್ರೆ ಕೇಳಬೋದಿತ್ತು."

ಅವನು ಅಳಿಸಿದ. ಕಾಟಮ್ಮ ಎದ್ದು ಹತ್ತಿರ ಬಂದು, ಗಿಣಿಯ ಕತ್ತು ನಿಂತುಹೋದ ಜಾಗದಲ್ಲಿ ಬೆರಳಿಟ್ಟಳು. ಬೆರಳು ಅಲ್ಲೇ ಇತ್ತು. ಓಂಕಾರಮೂರ್ತಿ ಮೌಸಿನ ಮೇಲೆ ಕೈಯಿಟ್ಟು ಕಾಯುತ್ತಾ ಕೂತ.