ಎದುರು ಕೂತವಳು

ಲೈಫ್ ಜಾಕೆಟ್ ಇನ್ನೂ ಹಸಿಯಾಗಿತ್ತು. ಯಾರದೋ ಬೆವರು, ಯಾರದೋ ಸೆಂಟು, ಅದರ ಮೇಲೆ ಒಣಮೀನಿನ ವಾಸನೆ. ಕೊರಳಪಟ್ಟಿ ಗಲ್ಲಕ್ಕೆ ತಾಗಿದಾಗಲೆಲ್ಲ ಅಕ್ಕುವಿಗೆ ಬೆಳಗ್ಗೆ ತಿಂದ ದೋಸೆ ಗಂಟಲಿಗೆ ಬಂದಂತಾಗುತ್ತಿತ್ತು. ಆದರೂ ಪಟ್ಟಿ ಬಿಗಿದುಕೊಂಡಳು. ಕರೆದುಕೊಂಡು ಬಂದವಳು ವಿಭಾ. ವಡಪಳನಿಯಲ್ಲಿ ಅಪ್ಪನ ಹೋಟೆಲಿನ ಮೇಲಿನ ಮನೆಯಲ್ಲೇ ಬೆಳೆದ ಅಕ್ಕುವಿಗೆ, ಇಡೀ ಚೆನ್ನೈಯಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಇದ್ದವಳು ಮೈಸೂರಿನಿಂದ ಕೆಲಸಕ್ಕೆ ಬಂದ ಈ ಒಬ್ಬಳೇ.

ಊರಾಚೆಯ ಹಿನ್ನೀರು ಅಲ್ಲಾಡದೆ ಬಿದ್ದಿತ್ತು. ಇಬ್ಬರು ಕೂರುವ ಕಯಾಕಿನ ಮುಂದಿನ ಸೀಟಿನಲ್ಲಿ ವಿಭಾ ಹಿಂದುಮುಂದಾಗಿ, ಅಕ್ಕುವಿಗೆ ಮುಖ ಮಾಡಿ ಕೂತಳು. ಹಾಗೆ ಕೂರಬಾರದೆಂದು ದೋಣಿಯವನು ತಮಿಳಿನಲ್ಲಿ ಗದರಿದ.

“ಪರವಾಯಿಲ್ಲೆ ಅಣ್ಣಾ,” ಎಂದ ವಿಭಾ ಅಕ್ಕುವಿಗೆ ಕಣ್ಣು ಮಿಟುಕಿಸಿದಳು. “ಎದುರುಬದುರು ಕೂತ್ರೆ ತಾನೇ ಮಾತು? ನೀನು ಹುಟ್ಟು ಹಾಕು ಕಣೇ, ನಾನು ರಾಣಿ ಥರ ಕೂತಿರ್ತೀನಿ.”

ಅಕ್ಕು ಹುಟ್ಟು ಹಾಕಿದಳು. ಹಸಿರು ಲೋಳೆ ಹುಟ್ಟಿಗೆ ಸುತ್ತಿಕೊಂಡು ಮೊಣಕೈವರೆಗೂ ಜಾರಿತು. ಹೊಟ್ಟೆ ಉಬ್ಬಿದ ಸತ್ತ ಮೀನೊಂದು ಪಕ್ಕದಲ್ಲೇ ತೇಲಿಹೋಯಿತು.

“ಥೂ! ನಮ್ಮ ಹೋಟ್ಲಿನ ಮೋರಿ ಇದಕ್ಕಿಂತ ಎಷ್ಟೋ ವಾಸಿ ಮಾರಾಯ್ತಿ.”

ವಿಭಾ ಬಿದ್ದು ಬಿದ್ದು ನಕ್ಕಳು. ಅಕ್ಕುವಿಗೂ ಹುರುಪು ಬಂತು. ತಿಂಗಳ ಹಿಂದೆ ತನ್ನನ್ನು ನೋಡಲು ಬಂದಿದ್ದ ಗಂಡಿನ ದೊಡ್ಡಪ್ಪ ಶೀರಾ ಮೆಲ್ಲುತ್ತ, ಬದನೆಕಾಯಿ ಆರಿಸುವವನಂತೆ ತನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದನ್ನು ಅಣಕಿಸಿ ತೋರಿಸಿದಳು. ಅಂಥವರ ಮುಂದೆ ಅಕ್ಕುವಿನ ನಾಲಿಗೆಯೇ ಏಳುತ್ತಿರಲಿಲ್ಲ. ಹೀಗೆ ಕುಣಿದಾಡುವುದೆಲ್ಲ ವಿಭಾಳ ಮುಂದೆ ಮಾತ್ರ.

“ಟೋಪಿ ತೆಗಿಯೇ, ಗಾಳಿ ಚೆನ್ನಾಗಿದೆ.” ತೆಗೆದಳು.

“ಆ ಕಡೆ ತಿರುಗು, ಕೊಕ್ಕರೆ ನೋಡು.” ತಿರುಗಿದಳು. ಕೊಕ್ಕರೆ ಇರಲಿಲ್ಲ.

ಹುಟ್ಟಿನ ಲೋಳೆ ಬಿಡಿಸಲು ವಿಭಾ ಬಗ್ಗಿದಳು. ಅವಳ ಕಿವಿಯಿಂದ ಬಿಳಿಯ ಇಯರ್‌ಬಡ್ ಒಂದು ಜಾರಿ ನೀರಿಗೆ ಬಿತ್ತು. ಕೂಡಲೇ ಕೊರಳಲ್ಲಿ ನೇತಾಡುತ್ತಿದ್ದ ಪ್ಲಾಸ್ಟಿಕ್ ಚೀಲದೊಳಗಿನ ಫೋನು ಮಾತಾಡಿತು:

“ಕೂದಲು ಪರವಾಗಿಲ್ಲ ವಿಭಾ. ಹಲ್ಲು ಸರಿಯಾಗಿ ಕಾಣ್ಲಿಲ್ಲ. ಇನ್ನೊಂದ್ಸಲ ನಗ್ಸು.”

ಅಕ್ಕುವಿನ ಕೈ ನಿಂತಿತು. “ಯಾರದು?”

“ನಮ್ಮ ಸೋದರತ್ತೆ. ಪ್ರೇಮತ್ತೆ.” ವಿಭಾ ತುಟಿ ಕಚ್ಚಿಕೊಂಡಳು. “ಶ್ರೀಶನ ಅಮ್ಮ. ಅವನಿಗೆ ಹೆಣ್ಣು ಹುಡುಕ್ತಿದ್ದಾರೆ. ಹೇಳಿದ್ರೆ ನೀನು ಬರ್ತಿರ್ಲಿಲ್ಲ ಕಣೇ. ಹಾಲ್‌ನಲ್ಲಿ ಕೂರ್ಸಿದ್ರೆ ಮೂಗಿ ಥರ ಆಗ್ಬಿಡ್ತೀಯ. ನನ್ ಹತ್ರ ಎಷ್ಟು ಚೆನ್ನಾಗಿರ್ತೀಯ! ಅದನ್ನೇ ಅವ್ರೂ ನೋಡ್ಲಿ ಅಂತ… ನಿಮ್ಮಮ್ಮನ್ನೂ ಕೇಳಿದ್ದೆ.”

ಸತ್ತ ಮೀನಿಗೂ ಲೋಳೆಗೂ ಅಕ್ಕು ಇಷ್ಟು ಹೇಸಿರಲಿಲ್ಲ. ಆ ಅಣಕ, ಆ ನಗು, ಎಲ್ಲವನ್ನೂ ಮೈಸೂರಿನ ಯಾವುದೋ ಸೋಫಾದ ಮೇಲೆ ಕೂತು ಯಾರೋ ತೂಗಿ ನೋಡುತ್ತಿದ್ದರು. ತನ್ನ ನಗುವನ್ನೇ ಉಗುಳಬೇಕೆನಿಸಿತು.

“ಕಟ್ ಮಾಡು.”

“ಅತ್ತೆ ಬೇಜಾರು ಮಾಡ್ಕೋತಾರೆ ಕಣೇ. ಐದೇ ನಿಮಿಷ, ನನಗೋಸ್ಕರ.”

ಅಕ್ಕು ಹುಟ್ಟನ್ನು ವಿಭಾಳ ಮಡಿಲಿಗೆ ಎಸೆದು ಕಾಲು ಹೊರಗಿಟ್ಟಳು. ನೀರು ಸೊಂಟದವರೆಗಷ್ಟೇ ಇತ್ತು. ಕೆಳಗಿನ ಕೆಸರು ಬೆರಳ ಸಂದಿಯಲ್ಲಿ ಪಿಚಕ್ಕೆಂದಿತು. ಕಯಾಕು ತಿರುಗತೊಡಗಿತು.

“ಇಳಿದಳಾ?” ಫೋನಿನ ದನಿಯಲ್ಲಿ ಸಂತೋಷವಿತ್ತು. “ಒಳ್ಳೇದೇ ಆಯ್ತು, ಹಾಗೇ ಹಿಡ್ಕೋ. ನಡಿಗೆನೂ ನೋಡಿದ ಹಾಗಾಗುತ್ತೆ.”

ಅಕ್ಕು ತಿರುಗಿ ನೋಡಿದಳು. ವಿಭಾಳ ಕೈ ಫೋನಿನತ್ತ ಹೋಯಿತು. ಬೆರಳು ಬದಿಯ ಗುಂಡಿಯ ಮೇಲೆ ಒತ್ತಿ ಒತ್ತಿ ದನಿಯನ್ನು ತಗ್ಗಿಸಿತು. ಕರೆಯನ್ನು ಮಾತ್ರ ಕತ್ತರಿಸಲಿಲ್ಲ.

ಅಕ್ಕು ದಡದತ್ತ ಹೊರಟಳು. ಕೆಸರಿನಲ್ಲಿ ಎಡವಿ, ಕೈಯೂರಿ, ಮತ್ತೆ ಎದ್ದು. ಹೇಗೆ ಕಾಣುತ್ತಿದ್ದೇನೆಂದು ಯೋಚಿಸಲು ಹೋಗಲಿಲ್ಲ.