ಕೆಳಗಿನ ದನಿ

ಹೊನ್ನಾಳಿಯ ವಸತಿ ಶಾಲೆಯ ನಾಲ್ಕು ಹುಡುಗಿಯರು ಹಾಡುವಾಗ ತಬಲಾ ಇರುತ್ತಿರಲಿಲ್ಲ, ಹಾರ್ಮೋನಿಯಂ ಇರುತ್ತಿರಲಿಲ್ಲ, ಕೀಬೋರ್ಡಂತೂ ಇಲ್ಲವೇ ಇಲ್ಲ. ನೋಡಿದವರು ಪಾಪ, ಶಾಲೆಗೆ ಗ್ರಾಂಟ್ ಬಂದಿಲ್ಲವೇನೋ ಎಂದುಕೊಳ್ಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಸಂಗೀತದ ಹೇಮಾವತಿ ಮಿಸ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಬರೀ ಗಂಟಲಿನಲ್ಲಿ, ಒಬ್ಬೊಬ್ಬರು ಒಂದೊಂದು ಸ್ವರ ಹಿಡಿದು, ಎಲ್ಲ ಸೇರಿ ಒಂದೇ ಹಾಡು ಮಾಡುವುದೇ ಇದರ ಗಮ್ಮತ್ತು ಎಂದು ಅವರು ಹೆಡ್‌ಮಾಸ್ಟರಿಗೆ ಮೂರು ಸಲ ವಿವರಿಸಿದ್ದರು. ಮೂರನೆಯ ಸಲವೂ ಹೆಡ್‌ಮಾಸ್ಟರು, "ಒಂದು ಡೋಲಕ್ಕಾದ್ರೂ ಕೊಡಿಸೋಣ ಬಿಡ್ರಿ ಮೇಡಂ" ಎಂದಿದ್ದರು.

ಹಾಡು ಮಿಸ್ ತಾವೇ ಕಟ್ಟಿದ್ದು, ನ್ಯಾಮತಿ ಬಸ್ಸಿನ ಬಗ್ಗೆ. ಹೊತ್ತಿಗೆ ಸರಿಯಾಗಿ ಬಾರದ ಬಸ್ಸಿಗೆ ಕಾಯುವ ಹುಡುಗಿಯ ಹಾಡು, ಅದೂ ಜಾಝ್ ಧಾಟಿಯಲ್ಲಿ. ತಾಳ ಬೀಳಬೇಕಾದಲ್ಲಿ ಬೀಳದೆ ಒಂಚೂರು ತಡೆದು ಬೀಳುತ್ತಿತ್ತು. ರಾಗವೂ ಮಾತೂ ಪೂಜಾಳ ಪಾಲಿಗೆ. ಮಮತಾ, ಆಶಾ ಇಬ್ಬರೂ ನಡುವಿನ ಸ್ವರಗಳಲ್ಲಿ. ಎಲ್ಲಕ್ಕಿಂತ ಕೆಳಗೆ ಒಂಬತ್ತನೇ ಕ್ಲಾಸಿನ ವನಜಾಕ್ಷಿ, ಬಾಯಿ ಹೆಚ್ಚು ತೆರೆಯದೆ "ದುಂ ದುಂ ದೂಂ" ಎನ್ನುತ್ತಾ ಬಸ್ಸಿನ ಇಂಜಿನ್ ಆಗಬೇಕು.

"ನೀನು ನೆಲ ಕಣೆ" ಎನ್ನುತ್ತಿದ್ದರು ಮಿಸ್. "ನೆಲ ಇಲ್ದಿದ್ರೆ ಇವರೆಲ್ಲ ಎಲ್ಲಿ ನಿಲ್ತಾರೆ?"

ಹೇಳಿದ್ದೇನೋ ಸರಿ. ಆದರೆ ನೆಲವನ್ನು ಯಾರು ನೋಡುತ್ತಾರೆ, ಎಲ್ಲರೂ ನೋಡುವುದು ಅದರ ಮೇಲೆ ಕುಣಿಯುವವರನ್ನೇ. ವನಜಾಕ್ಷಿ ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಹೊಟ್ಟೆಯೊಳಗೆ ಇಟ್ಟುಕೊಂಡಳು. ದಸರಾ ರಜೆಗೆ ಜಗಳೂರಿನ ಕಡೆಯ ತನ್ನೂರಿಗೆ ಹೋದಾಗ ಅದು ಬೇರೆ ರೂಪದಲ್ಲಿ ಹೊರಗೆ ಬಂತು. ಕುರಿಗಳನ್ನು ಹಟ್ಟಿಗೆ ಹೊಡೆದು ಬಂದ ಅವ್ವ ಕರಿಯಕ್ಕ, "ನಿಮ್ಮ ಸಾಲಿ ಹಾಡು ಹೇಳವ್ವ, ಲಕ್ಷ್ಮಕ್ಕನೂ ಕೇಳಾಕೆ ಬಂದವ್ಳೆ" ಎಂದಳು. ಪಕ್ಕದ ಮನೆಯವಳ ಎದುರಿಗೆ ದುಂ ದುಂ ಎನ್ನುವುದೇ? ವನಜಾಕ್ಷಿ ಪೂಜಾಳ ಪಾಲಿನ ಇಡೀ ಹಾಡನ್ನು ತನ್ನದೇ ಎಂಬಂತೆ ಹಾಡಿಬಿಟ್ಟಳು.

ಲಕ್ಷ್ಮಕ್ಕ ಬೆರಗಾಗಿ ಕೇಳಿದಳು. ಮರುದಿನ ಬೆಳಗಾಗುವಷ್ಟರಲ್ಲಿ, ಕರಿಯಕ್ಕನ ಮಗಳು ಹೊನ್ನಾಳಿ ಸಾಲೆಯಲ್ಲಿ ಮುಂದೆ ನಿಂತು ಹಾಡುತ್ತಾಳಂತೆ ಎಂಬ ಸುದ್ದಿ ಊರು ತುಂಬಿತ್ತು.

ರಜೆ ಮುಗಿದ ಮೇಲೆ ಶಾಲೆಗಳ ನಡುವಿನ ಹಾಡಿನ ಸ್ಪರ್ಧೆ ನಡೆದದ್ದು ಚನ್ನಗಿರಿಯ ಒಂದು ಕಲ್ಯಾಣ ಮಂಟಪದಲ್ಲಿ. ಕರಿಯಕ್ಕ ಅಂದು ಕುರಿಗಳನ್ನು ಲಕ್ಷ್ಮಕ್ಕನಿಗೆ ಒಪ್ಪಿಸಿ, ಜಗಳೂರಿನಲ್ಲಿ ಮೊದಲ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಇನ್ನೊಂದು ಹಿಡಿದು ಬಂದಿದ್ದಳು. ಸ್ಪರ್ಧೆಯ ದಿನವನ್ನು ರಜೆಯಲ್ಲೇ ಮಗಳಿಂದ ಕೇಳಿಟ್ಟುಕೊಂಡಿದ್ದರೂ, ಬರುವುದಾಗಿ ಮುಂಚೆ ಹೇಳಿರಲಿಲ್ಲ. ವನಜಾಕ್ಷಿ ಅವ್ವನನ್ನು ಕಂಡದ್ದು ವೇದಿಕೆ ಹತ್ತಿ, ಎಲ್ಲರಿಗೂ ಶ್ರುತಿ ಕೊಟ್ಟು, ಹಾಡು ಶುರುವಾದ ಮೇಲೆಯೇ. ಮೂರನೇ ಸಾಲಿನಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವ್ವ ಕುಳಿತಿದ್ದಳು.

ಮೊದಲ ಚರಣ ಚೆನ್ನಾಗಿಯೇ ಹೋಯಿತು. ಅವ್ವನ ಕಣ್ಣು ಮಾತ್ರ ಪೂಜಾಳ ಬಾಯಿ ನೋಡುವುದು, ಮಗಳ ಬಾಯಿ ನೋಡುವುದು, ಮತ್ತೆ ಪೂಜಾಳತ್ತ ಹೋಗುವುದು. ನನ್ನ ಮಗಳ ಹಾಡನ್ನು ಈ ಕನ್ನಡಕದ ಹುಡುಗಿ ಯಾಕೆ ಹಾಡುತ್ತಿದ್ದಾಳೆ ಎಂದು ಕೇಳುವಂತಿತ್ತು ಆ ನೋಟ. ವನಜಾಕ್ಷಿಗೆ ಸುಳ್ಳು ಹೇಳಿದ ನಾಚಿಕೆ ಒಂದು ಕಡೆ, ಇಷ್ಟು ದೂರ ಬಂದ ಅವ್ವ ಬರಿಗೈಯಲ್ಲಿ ವಾಪಸ್ ಹೋಗುತ್ತಾಳಲ್ಲ ಎಂಬ ಸಂಕಟ ಇನ್ನೊಂದು ಕಡೆ. ಎರಡನೇ ಚರಣ ಬಂದಾಗ ಅವಳು ದುಂ ದುಂ ಬಿಟ್ಟು, ಬಾಯಿ ತುಂಬ ತೆರೆದು, ಪೂಜಾಳ ರಾಗಕ್ಕೆ ಹಾರಿದಳು.

ಒಂದು ಸಾಲು ಇಬ್ಬರ ದನಿಯೂ ಜೊತೆಗೆ ಮೆರೆಯಿತು, ಅಷ್ಟೇ. ಕೆಳಗಿನ ದುಂ ದುಂ ಇಲ್ಲದೆ ಆಶಾಳ ಸ್ವರ ಜಾರಿತು. ಅವಳನ್ನು ಹಿಡಿಯಲು ಹೋದ ಮಮತಾ ತಾನೂ ಜಾರಿದಳು. ತಡೆದು ಬೀಳುವ ತಾಳ ಎಲ್ಲಿ ಬೀಳಬೇಕೆಂದು ಯಾರಿಗೂ ತಿಳಿಯದೆ, ನಾಲ್ಕು ಜನ ನಾಲ್ಕು ಕಡೆ ಹಾಡಿ, ಹೇಗೋ ಮುಗಿಸಿ ಕೈಮುಗಿದು ಇಳಿದರು. ತೀರ್ಪುಗಾರರಲ್ಲಿ ಒಬ್ಬರು, "ಒಂದು ಹಾರ್ಮೋನಿಯಂ ಇಟ್ಕಂಡಿದ್ರೆ ಹಿಂಗಾಗ್ತಿರಲಿಲ್ಲ" ಎಂದದ್ದು ಮೈಕಿನಲ್ಲೇ ಕೇಳಿಸಿತು.

"ನನ್ನ ಪಾರ್ಟೇ ಬೇಕಿತ್ತು ಅಂದ್ರೆ ಮೊದ್ಲೇ ಕೇಳಬೇಕಿತ್ತು" ಎಂದಳು ಪೂಜಾ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ. ಮಿಸ್ ಹಾಡಿನ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೊರಗಿನ ಜಗಲಿಯಲ್ಲಿ ಕರಿಯಕ್ಕ ಕೈಚೀಲ ಬಿಚ್ಚಿ, ನಾಲ್ಕೂ ಹುಡುಗಿಯರಿಗೆ ಆಗುವಷ್ಟು ರೊಟ್ಟಿ, ಶೇಂಗಾ ಚಟ್ನಿ ತೆಗೆದಿಟ್ಟಿದ್ದಳು. ವನಜಾಕ್ಷಿ ಒಬ್ಬಳೇ ಬಂದು ಪಕ್ಕದಲ್ಲಿ ಕುಳಿತಳು. ಅವ್ವನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ.

"ನಿನ್ನ ದನಿ ಕೇಳಿಸ್ತು ಬಿಡು, ಚೆಂದೈತೆ" ಎಂದಳು ಕರಿಯಕ್ಕ. ಆಮೇಲೆ ರೊಟ್ಟಿ ಮುರಿಯುತ್ತಾ, "ಅದಿರ್ಲಿ, ಮೊದ್ಲಿಗೆ ಕೆಳಗೊಂದು ದನಿ ಇತ್ತಲ್ಲ, ದುಂ ಅಂತ. ಯಾರದವ್ವ ಅದು? ನಂಗೆ ಹಾಡು ಅಷ್ಟು ತಿಳಿಯಾಕಿಲ್ಲ. ಆ ದನಿ ಮಾತ್ರ ಇಲ್ಲಿಗೆ ಬಂದು ಕುಂತ್ಕಂತು" ಎಂದು ಎದೆ ಮುಟ್ಟಿಕೊಂಡಳು. "ಅದನ್ನೇ ಕೇಳ್ತಾ ಇದ್ದೆ. ನಡುವೆ ಯಾಕೆ ನಿಂತೋಯ್ತು? ಆ ಮಗೀಗೆ ಹುಷಾರಿಲ್ವೇನು? ಕರಕಂಡು ಬಾ, ಒಂದು ರೊಟ್ಟಿ ತಿನ್ಲಿ."

ವನಜಾಕ್ಷಿಗೆ ಊರಿನ ಸುಳ್ಳು, ಲಕ್ಷ್ಮಕ್ಕನ ಬೆರಗು, ಪೂಜಾಳ ಕಣ್ಣೀರು ಎಲ್ಲ ಒಟ್ಟಿಗೆ ನೆನಪಾದವು.

"ಅದು ನಾನೇ ಅವ್ವಾ" ಎಂದಳು.

ಕರಿಯಕ್ಕ ಮುರಿದ ರೊಟ್ಟಿಯನ್ನು ಮಗಳ ಕೈಗಿಟ್ಟಳು.

"ನೀನೇ ಆಗಿದ್ರೆ ಯಾಕವ್ವ ಬಿಟ್ಟೆ?"