ಕಪ್ಪು ದಾರ ಹಾಕಿದ ಜಾಗ

ನೀಲಕಂಠನಿಗೆ ಉಳಿದಿದ್ದುದು ಒಂದೇ ಕಿಡ್ನಿ. ಇನ್ನೊಂದು ಕಲ್ಲಾಗಿ ಎಂದೋ ಕೆಟ್ಟಿತ್ತು. ತೊಂಬತ್ನಾಲ್ಕರ ಬೇಸಿಗೆಯಲ್ಲಿ ಉಳಿದದ್ದರಲ್ಲೂ ಕ್ಯಾನ್ಸರ್ ಗಂಟು ಕಾಣಿಸಿತು. ಜಮಖಂಡಿಯ ಆಸ್ಪತ್ರೆಗೆ ಹೊರಗಿನಿಂದ ಬಂದ ಸರ್ಜನ್, ಕಿಡ್ನಿ ಉಳಿಸಿ, ಗಂಟನ್ನಷ್ಟೇ ಸುತ್ತಲಿನ ಒಂದಿಷ್ಟು ಒಳ್ಳೆಯ ಮಾಂಸದೊಂದಿಗೆ ಕೊಯ್ದು ತೆಗೆದರು. ಒಂದು ಕಡೆ ಅಂಚು ತೀರ ತೆಳುವಾಯಿತೆನಿಸಿ ಗಂಟಿನ ಆ ಜಾಗಕ್ಕೆ ಗುರುತಿಗೆ ಕಪ್ಪು ದಾರ ಹಾಕಿದರು. ಕಿಡ್ನಿಯ ಅದೇ ಭಾಗದಿಂದ ಇನ್ನೊಂದು ಪದರ ತೆಗೆದರು. ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿ ಹಾಕಿ ಬೆಳಗಾವಿಗೆ ತಪಾಸಣೆಗೆ ಒಯ್ಯಲು ಹೇಳಿದರು. ದಾರದ ವಿಷಯ ಒಯ್ಯುವವರಿಗೆ ಯಾರೂ ಹೇಳಲಿಲ್ಲ.

ಒಯ್ದವರು ಹೆಂಡತಿ ಮಾದೇವಿ ಮತ್ತು ಮೈದುನ ಹೊಳಬಸಪ್ಪ. ಬಸ್ಸಿನಲ್ಲಿ ಗಂಟಿನ ಬಾಟಲಿಯಿಂದ, ಮಾಂಸ ಕೆಡದಂತೆ ತುಂಬಿದ್ದ ಔಷಧ ಸೋರತೊಡಗಿ ಘಾಟಿಗೆ ಕಣ್ಣು ಉರಿಯಿತು. ಮುಧೋಳದ ನಿಲ್ದಾಣದಲ್ಲಿ ಹೊಳಬಸಪ್ಪ ಮುಚ್ಚಳ ಬಿಚ್ಚಿದ. ಸಂದಿನಲ್ಲಿ ದಾರದ ತುದಿ ಸಿಕ್ಕಿಕೊಂಡಿತ್ತು. ಬನಹಟ್ಟಿಯ ಮಗ್ಗದ ಮನೆಯ ಕೈ ಅದು. ಸೀರೆ ಮಡಚುವ ಮೊದಲು ಹೊರಗಿಣುಕುವ ಎಳೆಗಳನ್ನೆಲ್ಲ ಕಿತ್ತು ರೂಢಿಯಾದದ್ದು. ಮಾದೇವಿ ಬೇಡವೆನ್ನುವಷ್ಟರಲ್ಲಿ ದಾರ ಅವನ ಬೆರಳಿಗೆ ಬಂದಿತ್ತು.

"ಎಳಿ ಜೋತಾಡಾಕತ್ತಿತ್ತು, ವೈನಿ," ಎಂದ.

ಡಾಕ್ಟರು ಸುಮ್ಮನೆ ದಾರ ಹಾಕಿರಲಾರರು ಎಂಬ ದಿಗಿಲು ಮಾದೇವಿಯನ್ನು ಬೆಳಗಾವಿಯವರೆಗೂ ಬಿಡಲಿಲ್ಲ. ನಡೆದದ್ದನ್ನು ಅಲ್ಲಿನ ಲ್ಯಾಬಿನವರಿಗೆ ಹೇಳಿದಳು. ಮಾಂಸ ಹರಿದುಹೋಗಿದೆ, ದಾರ ಎಲ್ಲಿತ್ತೋ ತಿಳಿಯದು ಎಂದರು ಅವರು.

ವರದಿ ಬಂದಾಗ ಸರ್ಜನ್ ನೀಲಕಂಠನ ಮಂಚದ ಬಳಿಯೇ ಕೂತು ಕಾಗದದ ಮೇಲೆ ಗಂಟಿನ ಚಿತ್ರ ಬರೆದರು. ಒಂದು ಜಾಗದಲ್ಲಿ ರೋಗ ಅಂಚಿನವರೆಗೂ ಬಂದಿದೆ ಎಂದು ಅಲ್ಲಿ ಗೆರೆ ಹಾಕಿದರು. ಆಮೇಲೆ ತೆಗೆದ ಪದರದಲ್ಲಿ ರೋಗವಿಲ್ಲ. ಆದರೆ ಹೊರತೆಗೆದ ಗಂಟಿನಲ್ಲಿ ಆ ಪದರಕ್ಕೆ ತಾಗಿದ್ದ ಮಗ್ಗುಲು ಯಾವುದೆಂದು ದಾರವಿಲ್ಲದೆ ತಮಗೂ ಗೊತ್ತಾಗದು ಎಂದರು. ದಾರ ಇದ್ದದ್ದು ಗೆರೆಯ ಜಾಗದಲ್ಲೇ ಆದರೆ ಭಯವಿಲ್ಲ; ಬೇರೆ ಕಡೆಯಾದರೆ ರೋಗ ಒಳಗೆ ಉಳಿದಿರಬಹುದು, ಮತ್ತೆ ಕೊಯ್ಯಬೇಕು, ಆಗ ಈ ಕಿಡ್ನಿಯೂ ಉಳಿಯುವ ಭರವಸೆಯಿಲ್ಲ. ದಾರ ಎಲ್ಲಿತ್ತೆಂದು ಯಾರಾದರೂ ನೋಡಿದ್ದೀರಾ ಎಂದು ಕೇಳಿದರು.

ಹೊಳಬಸಪ್ಪ ನೇರವಾಗಿ ಗೆರೆಯ ಮೇಲೆ ಬೆರಳಿಟ್ಟ. "ಇಲ್ಲೇ ಇತ್ರಿ. ದೇವರಾಣಿ."

ದಾರ ಕಿತ್ತಾಗ ಅವನ ಕಣ್ಣು ಮುಚ್ಚಳದ ಮೇಲಿತ್ತೆಂದು ಮಾದೇವಿಗೆ ಗೊತ್ತು. ಆದರೆ ಅಲ್ಲೇ ಇರಲಿ ಎಂದು ಅವಳೂ ಎಷ್ಟು ಬಯಸಿದಳೆಂದರೆ, ನೆನಪಿನಲ್ಲಿ ದಾರ ಮೆಲ್ಲಗೆ ಸರಿದು ಅಲ್ಲಿಗೇ ಬಂದು ಕೂರತೊಡಗಿತು. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

"ಅಂವಂದ ಬಿಡ," ಎಂದ ನೀಲಕಂಠ ಹೆಂಡತಿಯತ್ತ ತಿರುಗಿ. "ಅಂವಗ ಮುಂದಿನ ಕಂಬಾನೂ ಕಾಣಂಗಿಲ್ಲ. ನೀ ಹೇಳ."

"ದಾರ ನೋಡೀನ್ರಿ. ಎಲ್ಲಿತ್ತಂತ ನೋಡಿಲ್ಲ. ಹೊಳಬಸಪ್ಪನೂ ನೋಡಿಲ್ರಿ."

ಬೆರಳು ಕಾಗದದಿಂದ ಸರಿಯಿತು. ಸರ್ಜನ್ ಕಾಗದ ಮಡಚಿ, ಈಗಲೇ ಕೊಯ್ಯುವುದು ಬೇಡ, ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ನೋಡೋಣ ಎಂದರು. ಏನೂ ಆಗುವುದಿಲ್ಲವೆಂದು ಮಾತ್ರ ಹೇಳಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಹೊಳಬಸಪ್ಪ ಮುಖ ತಿರುಗಿಸಿ ನಿಂತಿದ್ದ. "ಹೂಂ ಅಂದಿದ್ರ ಅಣ್ಣ ಇವತ್ತರ ನಿದ್ದಿ ಮಾಡ್ತಿದ್ದ, ವೈನಿ."

ಮಾಡುತ್ತಿದ್ದನೆಂದು ಅವಳಿಗೂ ಗೊತ್ತಿತ್ತು. ಮೊದಲ ಸ್ಕ್ಯಾನಿನ ತಾರೀಕು ಕೇಳಲು ಒಳಗೆ ಹೋದಳು.